ಎಡಗಾಲಿನ ಬೂಟು

ಐಸ್ ಫ್ಯಾಕ್ಟರಿಯ ಹಮಾಲಿಗೆ ಬೂಟು ಇರಲಿಲ್ಲ. ದಿನವಿಡೀ ಒದ್ದೆ ನೆಲದ ಮೇಲೆ ರಬ್ಬರ್ ಚಪ್ಪಲಿಯಲ್ಲೇ ನಿಂತು, ಕೊಕ್ಕೆ ಹಾಕಿ ಐಸ್ ಗಡ್ಡೆ ಎಳೆಯುತ್ತಿದ್ದ. ಸೋಮವಾರ ಕೆಲಸ ಮುಗಿಸಿ ನೇರವಾಗಿ ಬೂಟಿನಂಗಡಿಗೆ ಬಂದ.

ಎಲ್ಲ ಅಂಗಡಿಗಳಂತೆ ಅಲ್ಲಿಯೂ ಪ್ರತಿ ಜೋಡಿಯಲ್ಲಿ ಒಂದನ್ನೇ ಹಲಗೆಯ ಮೇಲೆ ಇಟ್ಟಿದ್ದರು. ಅಂಗಡಿಯವ ಬಲಗಾಲಿನದನ್ನು ತೆಗೆದುಕೊಟ್ಟ. ಹಮಾಲಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದ, ಹಿಮ್ಮಡಿ ಕುಟ್ಟಿ ನೋಡಿದ, ಜೋಡಿಯನ್ನು ಕಟ್ಟಿಸಿಕೊಂಡು ಹೋದ.

ಮೂಲೆಯಲ್ಲಿ ಓದುತ್ತ ಕುಳಿತಿದ್ದ ನಾದಿನಿ ತಲೆಯೆತ್ತಿದಳು. ಅಂಗಡಿಯವನ ಹೆಂಡತಿಯ ತಂಗಿ. ಊರಿನ ಗ್ರಂಥಾಲಯದಲ್ಲಿ ಕೆಲಸ. ಸಂಜೆ ಅಕ್ಕನ ಜೊತೆ ಮನೆಗೆ ಹೋಗಲು ಅಂಗಡಿಗೆ ಬರುತ್ತಾಳೆ.

"ಭಾವ, ಎಡಗಾಲಿನದು ಯಾಕೆ ತೋರಿಸ್ಲಿಲ್ಲ?"

"ಅವನು ಕೇಳ್ಲಿಲ್ಲ."

"ಕೇಳಿದ್ರೆ?"

"ಕೇಳಿದ್ರೆ ನೋಡ್ಕೋತಿದ್ದೆ."

ವಿಷಯ ಇಷ್ಟೇ. ಸಗಟು ವ್ಯಾಪಾರಿಯ ಗೋದಾಮಿಗೆ ನೀರು ನುಗ್ಗಿ ಆ ಸರಕಿನ ಪೆಟ್ಟಿಗೆಗಳ ತಳ ನೆನೆದಿತ್ತು. ಪ್ರತಿ ಪೆಟ್ಟಿಗೆಯ ತಳದಲ್ಲಿದ್ದದ್ದು ಎಡಗಾಲಿನ ಬೂಟು. ಅದರ ಅಟ್ಟೆಯ ಅಂಟು ಸಡಿಲವಾಗಿತ್ತು. ಅಂಗಡಿಯವನಿಗೆ ಗೊತ್ತಿತ್ತು. ಅಗ್ಗಕ್ಕೆ ಸಿಕ್ಕಿತೆಂದೇ ತಂದಿದ್ದ. ನಾದಿನಿ ಬಿಡದೆ ಕೇಳಿದಾಗ ಇದನ್ನೆಲ್ಲ ಒಪ್ಪಿಕೊಂಡ.

"ನಿಮ್ಮ ವಿಷಯ ಈ ಪುಸ್ತಕದಲ್ಲಿದೆ ಭಾವ."

"ನಂದಾ? ಯಾರು ಬರ್ದಿದ್ದು?"

"ಹಳೇ ಕಾಲದ ಮುಸ್ಲಿಂ ಪಂಡಿತರೊಬ್ಬರ ಮಾತು ಹಾಕಿದಾರೆ. ಒಂಬೈನೂರು ವರ್ಷದ ಹಿಂದಿಂದು. ಕತ್ತಲೆ ಜಾಗದಲ್ಲಿ ಬಟ್ಟೆ ತೋರಿಸೋದು ಮೋಸ ಅಂತಾರೆ. ಜೋಡಿಯಲ್ಲಿ ಚೆನ್ನಾಗಿರೋ ಒಂದೇ ಪಾದರಕ್ಷೆ ತೋರಿಸೋದೂ ಮೋಸ."

ಅಂಗಡಿಯವ ಧೂಳು ಒರೆಸುವ ಬಟ್ಟೆ ಕೆಳಗಿಟ್ಟ. "ಪಾದರಕ್ಷೆ ಅಂತಾನೇ ಇದೆಯಾ?"

"ಅಂತಾನೇ ಇದೆ."

"ಅವರಿಗೇನು ಅಂಗಡಿ ಇತ್ತಾ?"

"ಇಲ್ಲ, ಪಾಠ ಹೇಳ್ತಿದ್ರು."

"ಮತ್ತೆ ಒಳಗಿನ ಗುಟ್ಟು ಹೇಗೆ ಗೊತ್ತಾಯ್ತು?"

"ನಿಮ್ಮಂಥೋರ ಹತ್ರ ಕೊಂಡಿರ್ಬೇಕು."

ಪೆಟ್ಟಿಗೆ ಜೋಡಿಸುತ್ತಿದ್ದ ಅಕ್ಕ ನಕ್ಕಳು. "ಹೋಗೇ, ಪುಸ್ತಕದ ಮಾತು ಓದೋಕೆ ಚಂದ. ದೋಷ ಹೇಳ್ಕೊಂಡು ಕೂತ್ರೆ ಯಾರು ತಗೋತಾರೆ?"

"ಅಕ್ಕಾ, ಮಾಲಿನ ಒಳಗೇನಿದೆ ಅಂತ ಮಾರೋನಿಗೆ ಗೊತ್ತು. ಗೊತ್ತಿಲ್ದೋನು ಏನಂತ ಕೇಳ್ತಾನೆ? ಅದಕ್ಕೇ ಹೇಳೋ ಜವಾಬ್ದಾರಿ ಮಾರೋನದು. ಮುಚ್ಚಿಟ್ಟ ದೋಷ ಆಮೇಲೆ ಕಂಡ್ರೆ ಮಾಲು ವಾಪಸ್ ಕೊಡ್ಬಹುದು ಅಂತಾನೂ ಆಗಿನ ಪಂಡಿತರು ಹೇಳಿದ್ರು. ತೂಕ, ಅಳತೆ ನೋಡೋಕೆ ಪೇಟೆ ಸುತ್ತೋ ಅಧಿಕಾರಿಗಳೂ ಇದ್ರು. ಈಗ ನಾವು ಗ್ರಾಹಕರ ಹಕ್ಕು ಅಂತೀವಲ್ಲ, ಹಾಗೇ."

"ಸರಿ ಲೈಬ್ರರಿ," ಎಂದ ಅಂಗಡಿಯವ. ನಾದಿನಿಗೆ ಅವನಿಟ್ಟ ಹೆಸರು ಅದು. "ಇನ್ನೂ ಹದಿನೇಳು ಜೋಡಿ ಕೂತಿದೆ. ಅದಕ್ಕೇನಂತಾರೆ ನಿನ್ನ ಪಂಡಿತರು?"

"ನೀವೇ ಇಟ್ಕೊಳ್ಳೋಕೆ ಒಪ್ಪೋ ಅಂಥ ಮಾಲನ್ನೇ ಮಾರೋಕೆ ತನ್ನಿ ಅಂತಾರೆ. ಈ ಬೂಟು ನೀವು ಹಾಕ್ಕೋತೀರಾ?"

ಅವನು ಒಂದು ಪೆಟ್ಟಿಗೆ ಬಿಚ್ಚಿ ಎಡಗಾಲಿನ ಬೂಟು ತೆಗೆದ. ಹೆಬ್ಬೆರಳಿನಿಂದ ಒತ್ತಿದ. ಅಟ್ಟೆ ಬಾಯಿ ಬಿಟ್ಟಿತು. ಪುಸ್ತಕ ಇಸಿದುಕೊಂಡು ಆ ಸಾಲನ್ನು ಎರಡು ಸಲ ಓದಿದ.

"ನಾಳೆ ಅವನಿಗೆ ಬೇರೆ ಜೋಡಿ ಕೊಟ್ಟು ಬರ್ತೀನಿ."

"ಇವತ್ತೇ ಹೋಗಿ ಭಾವ."

"ಫ್ಯಾಕ್ಟರಿ ಊರಾಚೆ ಇದೆ. ನಾಳೆ ಅಂದ್ನಲ್ಲ."

ಮಂಗಳವಾರ ಹೊಸ ಸರಕು ಬಂತು, ಬಿಡುವಾಗಲಿಲ್ಲ. ಬುಧವಾರ ಬೆಳಿಗ್ಗೆ ಬೇರೆ ಜೋಡಿ ಹಿಡಿದು ಹೋದಾಗ ಹಮಾಲಿ ಆಸ್ಪತ್ರೆಯಲ್ಲಿದ್ದ. ಹಿಂದಿನ ಸಂಜೆ ಅಟ್ಟೆ ಕಿತ್ತುಕೊಂಡು ಮುಗ್ಗರಿಸಿದ್ದ. ಐಸ್ ಗಡ್ಡೆ ಕಾಲ ಮೇಲೆ ಬಿದ್ದಿತ್ತು.

ಅಂಗಡಿಯವ ಹಾಸಿಗೆಯ ಪಕ್ಕ ನಿಂತು ಗೋದಾಮಿನ ನೀರಿನಿಂದ ಹಿಡಿದು ಎಲ್ಲವನ್ನೂ ಹೇಳಿದ.

"ಗೊತ್ತಿತ್ತಾ ನಿಮಗೆ?" ಎಂದ ಹಮಾಲಿ.

"ಗೊತ್ತಿತ್ತು."

ಹಮಾಲಿ ಗೋಡೆಯ ಕಡೆ ತಿರುಗಿ ಮಲಗಿದ.

ಆಮೇಲೆ ಹದಿನೇಳು ಜೋಡಿಗೂ ಹೊಲಿಗೆ ಹಾಕಿಸಿದರು. ನೀರು ಕುಡಿದ ಮಾಲು ಎಂದು ಹೇಳಿಯೇ ಮಾರಿದರು. ಹದಿನಾಲ್ಕು ಜೋಡಿ ಖರ್ಚಾಯಿತು. ಈಗ ಅಂಗಡಿಯ ಹಲಗೆಯಲ್ಲಿ ಬೂಟುಗಳು ಜೋಡಿಯಾಗಿಯೇ ಇರುತ್ತವೆ. "ಎರಡೂ ಹಾಕಿ ನೋಡಿ" ಎಂದು ಗಿರಾಕಿಗಳಿಗೆ ಹೇಳುವವಳು ಅಕ್ಕನೇ.

ಓದುಗರೇ, ಕೊಳ್ಳುವಾಗ ಎರಡನ್ನೂ ಕೇಳಿ. ಬೆಳಕಿಗೆ ಹಿಡಿದು ನೋಡಿ. ರಸೀದಿ ಇಟ್ಟುಕೊಳ್ಳಿ. ನೀವು ಮಾರುವವರಾದರೆ, ಯಾರೂ ಕೇಳದಿದ್ದರೂ ದೋಷ ಹೇಳಿ. ಅವತ್ತೇ ಹೇಳಿ. ಇಲ್ಲಿ ಒಂದು ಮಾತು ಹೇಳದೆ ಹೋದದ್ದಕ್ಕೆ ಹಮಾಲಿ ತೆತ್ತ ಬೆಲೆ: ಎಡಗಾಲಿನ ಎರಡು ಬೆರಳು, ನಲವತ್ತು ದಿನದ ಕೂಲಿ.