ಯೋಗಾನಂದನ ಜೀಪಿನ ಟೈರು

"ತಲೆ ವಾಲ್ತಾ ಐತೆ, ಹಿಡ್ಕಳ್ರೋ!" ಎಂದು ಮಂಜಪ್ಪ ಕೂಗಿದ. ಕಲ್ಲೇಶ್ ಅಪ್ಪನ ಗದ್ದಕ್ಕೆ ಕೈಕೊಟ್ಟು ಎತ್ತಿದ. ಯಾರೋ ಬಿಳಿ ಬಟ್ಟೆಯನ್ನು ಹಣೆಗೆ ಸುತ್ತಿ ಗೋಡೆಯ ಗೂಟಕ್ಕೆ ಬಿಗಿದರು. ಹಿಂದಿನ ದಿನ ಎದೆನೋವೆಂದು ಮಲಗಿ ಏಳದೇಹೋದ ಷಣ್ಮುಖಪ್ಪ, ಈಗ ವಿಭೂತಿ ಬಳಿಸಿಕೊಂಡು ಚಕ್ಕಂಬಕ್ಕಳ ಹಾಕಿ ಕುಳಿತಿದ್ದ. ಕಡೂರಿನ ತನ್ನ ಟೈರ್ ಅಂಗಡಿಯಲ್ಲಿ ಗಿರಾಕಿಗೆ ಕಾಯುತ್ತಿರುವಂತೆಯೇ ಕಾಣುತ್ತಿದ್ದ. ಆ ಮುಖ ನೋಡಲು ಕಲ್ಲೇಶ್‌ಗೆ ಧೈರ್ಯ ಬರಲಿಲ್ಲ. ಮುಚ್ಚಿದ ಕಣ್ಣಿನಲ್ಲೇ ಅಪ್ಪ ತನ್ನನ್ನು ನೋಡುತ್ತಿದ್ದಾನೆ ಎನಿಸುತ್ತಿತ್ತು.

ಮೂವತ್ತು ವರ್ಷ ತೆಂಗಿನಕಾಯಿ ಲಾರಿ ಓಡಿಸಿದ ಮಂಜಪ್ಪ ಅಂಗಳಕ್ಕೆ ಬಂದು ಕುಳಿತ. "ಟೈರ್ ಕೊಡಯ್ಯ ಅಂದ್ರೆ, ಮೊದ್ಲು ಯಾವ ರಸ್ತೆ, ಎಷ್ಟು ಲೋಡು ಹೇಳು ಅನ್ನೋನು. ಹೆಣ್ಣು ನೋಡೋಕೆ ಬಂದೋರೂ ಅಷ್ಟು ವಿಚಾರಿಸಲ್ಲ ಕಣ್ರೀ. ಹೊಸ ರಬ್ಬರ್ ಅಂಟ್ಸಿದ ಹಳೇ ಟೈರ್, ಅದೇ ರೀಸೋಲ್, ಮುಂದಿನ ಚಕ್ರಕ್ಕೆ ಕೇಳಿದ್ರಂತೂ ಅಂಗಡಿಯಿಂದ್ಲೇ ಅಟ್ಬಿಡೋನು."

"ಅಂಥೋನು ಯೋಗಾನಂದನ ಜೀಪಿಗೆ ಅದ್ಹೆಂಗೆ ಅಷ್ಟು ಅಗಲದ ಟೈರ್ ಹಾಕ್ದ?" ಎಂದು ಪಕ್ಕದವನು ಕೇಳಿದ.

"ಸುಮ್ನಿರಪ್ಪ. ಹೆಣದ ಮುಂದೆ ಯಾಕೆ ಅದೆಲ್ಲ."

ಬಾಗಿಲಲ್ಲಿ ನಿಂತ ಕಲ್ಲೇಶ್‌ಗೆ ಎಲ್ಲ ಕೇಳಿಸಿತು. ಅದಕ್ಕೆ ಉತ್ತರ ಗೊತ್ತಿದ್ದವರು ಇಬ್ಬರೇ. ಒಬ್ಬ ಹೊರಟುಹೋಗಿದ್ದ.

* * *

ಲಿಂಗದಹಳ್ಳಿಯ ಯೋಗಾನಂದ ಪ್ರವಾಸಿಗರನ್ನು ಕೆಮ್ಮಣ್ಣುಗುಂಡಿಗೆ ಕರೆದೊಯ್ಯುವ ಜೀಪಿನವನು. ಜೀಪು ಗತ್ತಾಗಿದ್ದರೆ ಬಾಡಿಗೆ ಜಾಸ್ತಿ ಸಿಗುತ್ತದೆಂದು, ನಾಲ್ಕು ವರ್ಷದ ಹಿಂದೆ, ಅಗಲದ ಟೈರಿನ ಹುಚ್ಚು ಹಿಡಿಸಿಕೊಂಡಿದ್ದ. ಷಣ್ಮುಖಪ್ಪ ಎರಡು ಸಲ ಬೇಡವೆಂದು ಕಳಿಸಿದ್ದ. ಮೂರನೆಯ ಸಲ ಬಂದಾಗ ಷಣ್ಮುಖಪ್ಪ ಮದುವೆಗೆಂದು ಅಜ್ಜಂಪುರಕ್ಕೆ ಹೋಗಿದ್ದ. ಅಪ್ಪನದೆಲ್ಲ ಓಬೀರಾಯನ ಕಾಲದ ಲೆಕ್ಕಾಚಾರ ಎಂದುಕೊಂಡಿದ್ದ ಕಲ್ಲೇಶ್, ಟೈರು ಹಾಕಿಯೇಬಿಟ್ಟ. ಇಬ್ಬರೂ ಬೀರೂರಿನವರೆಗೆ ಓಡಿಸಿ ನೋಡಿದರು. ನೇರ ರಸ್ತೆ, ಎಲ್ಲೂ ತಕರಾರಿರಲಿಲ್ಲ.

ಷಣ್ಮುಖಪ್ಪನಾಗಿದ್ದರೆ ಅಂಗಡಿಯ ಮುಂದೆಯೇ ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಟೈರಿನ ಹಿಂದೆ ಕೈ ತೂರಿಸಿ ನೋಡುತ್ತಿದ್ದ. ಬಯಲಿನ ದಾರಿಯಲ್ಲಿ ಸ್ಟೇರಿಂಗ್ ಅಷ್ಟು ತಿರುಗುವ ಪ್ರಸಂಗವೇ ಬರುವುದಿಲ್ಲ. ಘಾಟಿಯಲ್ಲಿ ತಿರುವಿಗೊಮ್ಮೆ ಬರುತ್ತದೆ. ತಿರುಗಿದಾಗಲೆಲ್ಲ ಟೈರು ಬ್ರೇಕಿನ ರಬ್ಬರ್ ಪೈಪಿಗೆ ಉಜ್ಜುತ್ತಿತ್ತು. ಹದಿನೇಳನೆಯ ದಿನ ಇಳಿಜಾರಿನಲ್ಲಿ ಪೈಪು ಹರಿಯಿತು. ಬ್ರೇಕು ಹಿಡಿಯದೆ ಕಮರಿಗೆ ಉರುಳಿದ ಜೀಪಿನಲ್ಲಿ ಯೋಗಾನಂದ ಒಬ್ಬನೇ ಇದ್ದ, ಅಲ್ಲೇ ಸತ್ತ.

"ನಾನೇ ಹಾಕಿದ್ದು," ಎಂದು ಷಣ್ಮುಖಪ್ಪ ಪೊಲೀಸರಿಗೂ ಊರಿಗೂ ಹೇಳಿದ. ಕಲ್ಲೇಶನ ಹೆಂಡತಿ ಶಾಂಭವಿಗೆ ಆಗ ಏಳು ತಿಂಗಳು. ಕಲ್ಲೇಶ್ ಬಾಯಿ ತೆರೆಯುವಷ್ಟರಲ್ಲಿ ಅಪ್ಪ, "ಹೆಂಡ್ತಿ ಮುಖ ನೋಡ್ಕಂಡು ಸುಮ್ನಿರು," ಎಂದ. ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ದಾರಿಯಲ್ಲಿ ಯಾರದೇ ಜೀಪು ನಿಂತಿದ್ದರೂ ಹೋಗಿ ಬಗ್ಗಿ ಟೈರಿನ ಹಿಂದೆ ಕೈ ತೂರಿಸುತ್ತಿದ್ದ. ಜನ ನಗುತ್ತಿದ್ದರು. ಕಲ್ಲೇಶ್‌ಗೆ ಮಾತ್ರ, ಊಟಕ್ಕೆ ಕೂತರೂ ಮಗುವನ್ನು ಎತ್ತಿಕೊಂಡರೂ, ರಬ್ಬರು ಉಜ್ಜುವ ಸದ್ದು ಕೇಳುತ್ತಿತ್ತು.

* * *

ಊರಾಚೆಯ ಹೊಲದಲ್ಲಿ ತೋಡಿದ ಗುಂಡಿಯಲ್ಲಿ ಷಣ್ಮುಖಪ್ಪನನ್ನು ಕೂರಿಸಿದ್ದರು. ಬಂದವರು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕುತ್ತಿದ್ದರು. ಅಷ್ಟರಲ್ಲಿ ಯೋಗಾನಂದನ ಹೆಂಡತಿ ವನಜಾಕ್ಷಿ ಬಂದಳು. ಜನ ಸರಿದು ದಾರಿ ಬಿಟ್ಟರು. ಅವಳು ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡಳು.

"ಮೂರು ಸಲ ಅಂಗಡಿ ಮುಂದೆ ನಿಂತು ಮಣ್ಣು ತೂರಿ ಶಾಪ ಹಾಕಿದೀನಿ ಇವ್ರಿಗೆ," ಎಂದಳು. "ಒಂದ್ಸಲಾನೂ ಎದುರು ಮಾತಾಡ್ಲಿಲ್ಲ. ತಪ್ಪಾಯ್ತು ಕಣಮ್ಮಾ ಅಂತ ಕೈ ಮುಗಿಯೋರು. ಇವತ್ತು ಶಾಪ ಹಾಕಕ್ಕೆ ಬಂದಿಲ್ಲ. ಹೋಗ್ಲಿ ಬಿಡಿ ಅಂತ ಹೇಳಕ್ಕೆ ಬಂದೆ."

ಸುಮ್ಮನಿದ್ದರೆ ಇಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಆದರೆ ಮಾಡದ ತಪ್ಪಿಗೆ ಅಪ್ಪ ಕ್ಷಮೆ ಪಡೆದು ಮಣ್ಣಾಗುತ್ತಿದ್ದ. ಕಲ್ಲೇಶ್‌ಗೆ ಅದನ್ನು ಸಹಿಸಲಾಗಲಿಲ್ಲ.

"ಅಕ್ಕಾ, ಹಾಕ್ಬೇಡಿ."

"ಯಾಕಪ್ಪಾ?"

"ಆ ಟೈರ್ ಹಾಕಿದ್ದು ಅಪ್ಪ ಅಲ್ಲ, ನಾನು. ಅಪ್ಪ ಅವತ್ತು ಅಂಗಡೀಲೇ ಇರ್ಲಿಲ್ಲ."

ಹೆಂಗಸರ ನಡುವೆ ಶಾಂಭವಿ ಮಗುವನ್ನು ಎದೆಗೊತ್ತಿಕೊಂಡಳು. ವನಜಾಕ್ಷಿ ಗುಂಡಿಯನ್ನೇ ನೋಡುತ್ತ ನಿಂತಳು.

"ಹಂಗಾರೆ ಇಷ್ಟು ದಿನ ನಾನು ಯಾರಿಗೆ ಶಾಪ ಹಾಕ್ದೆ?" ಎಂದು ಸತ್ತವನನ್ನೇ ಕೇಳಿದಳು.

ಆಮೇಲೆ ಕಲ್ಲೇಶನ ಹತ್ತಿರ ಬಂದು ಅವನ ಬಲಗೈ ಹಿಡಿದಳು. ತನ್ನ ಮಣ್ಣನ್ನು ಅವನ ಅಂಗೈಗೆ ಸುರಿದು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಇದನ್ನ ನೀನೇ ಹಾಕು ನಿಮ್ಮಪ್ಪಂಗೆ. ಅವ್ರ ಮೇಲೆ ನಂದೇನೂ ಇಲ್ಲ."

ಅಷ್ಟು ಹೇಳಿ ರಸ್ತೆಯ ಕಡೆಗೆ ನಡೆದಳು.

"ಹಾಕಪ್ಪಾ, ಹೊತ್ತಾಯ್ತು," ಎಂದರು ಮಠದ ಅಯ್ಯನವರು. ಕಲ್ಲೇಶ್ ಗುಂಡಿಯ ಮೇಲೆ ಕೈ ಚಾಚಿದ. ಮುಷ್ಟಿ ಬಿಚ್ಚಲಿಲ್ಲ. ಮಂಜಪ್ಪ ಬಂದು ಬೆರಳು ಬಿಡಿಸಲು ನೋಡಿದ, ಆಗಲಿಲ್ಲ. ಸನಿಕೆ ಹಿಡಿದವರು ಕಾಯುತ್ತ ನಿಂತರು.