ಫುಮಿ ನಿಂತಿದ್ದ ಜಾಗ

ಒರಿಕಾಸಾ ಚಿಜುರು ಕಥೆ ಯೋಚಿಸುವಾಗ ಮೇಜಿನ ಕೆಳಗೆ ಮಲಗುತ್ತಾಳೆ. ಕಾಲೆರಡು ಮಾತ್ರ ಹೊರಗೆ. ಒಂದು ಕಾಲುಚೀಲ ನೀಲಿ, ಇನ್ನೊಂದು ಕಂದು. ಒಳಗಿನಿಂದ ಉಪ್ಪಿನಲ್ಲಿ ಹಾಕಿದ ಮೂಲಂಗಿ ಕಚ್ಚುವ ಕರಕರ ಸದ್ದು. ಹೀಗೆ ಎರಡು ದಿನ. ಮೂರನೆಯ ದಿನ ಎದ್ದು ಬಂದು ಹತ್ತೊಂಬತ್ತು ಪುಟದ ಕಚ್ಚಾ ಚಿತ್ರಗಳನ್ನು ಕೂತ ಜಾಗದಿಂದ ಏಳದೆ ಇಳಿಸುತ್ತಾಳೆ. ಅಳುವ ಮುಖ ಬರೆಯುವಾಗ ತಾನೂ ತುಟಿ ಸೊಟ್ಟ ಮಾಡುತ್ತಾಳೆ, ಸಿಟ್ಟಿನ ಮುಖಕ್ಕೆ ಮೂಗು ಅರಳಿಸುತ್ತಾಳೆ. ನೆರಿಮಾದ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಹುಟ್ಟಿದ ಮಾಂಗಾ ಚಿತ್ರಕಥೆಯನ್ನು ಗುರುವಾರ ಬಂತೆಂದರೆ ಜನ ರೈಲಿನಲ್ಲಿ ನಿಂತುಕೊಂಡೇ ಓದುತ್ತಾರೆ.

ಇದನ್ನೆಲ್ಲ ಎಂಟಡಿ ದೂರದ ಮೇಜಿನಿಂದ ತ್ಸುಕುದಾ ಮಿನೆಯೊ ಹದಿನಾರು ವರ್ಷದಿಂದ ನೋಡುತ್ತಿದ್ದ. ನೋಡಿ ನೋಡಿ ಅವನ ಹೊಟ್ಟೆ ಇಷ್ಟು ಹೊತ್ತಿಗೆ ಉರಿದು ಬೂದಿಯಾಗಬೇಕಿತ್ತು. ಆಗಿರಲಿಲ್ಲ, ಇನ್ನೂ ಉರಿಯುತ್ತಲೇ ಇತ್ತು. ಅವನೂ ತನ್ನ ಮನೆಯಲ್ಲಿ ಗುಟ್ಟಾಗಿ ಮೇಜಿನ ಕೆಳಗೆ ಮಲಗಿ ನೋಡಿದ್ದ. ಮೂಲಂಗಿಯನ್ನೂ ತಿಂದಿದ್ದ. ಬೆನ್ನು ಹಿಡಿದುಕೊಂಡಿತೇ ಹೊರತು ಕಥೆ ಬರಲಿಲ್ಲ.

ಇಬ್ಬರೂ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಬ್ಬರೇ ಗುರುವಿನ ಕೈಕೆಳಗೆ ಸೇರಿದವರು. ಗೆರೆ ಮಿನೆಯೊನದೇ ಚೆನ್ನ ಎಂದು ಗುರುಗಳು ಎಲ್ಲರೆದುರಿಗೆ ಹೇಳಿದ್ದರು. ಚಿಜುರುವಿಗೆ ಇವತ್ತಿಗೂ ಕೈಬೆರಳು ಬರೆಯಲು ಸರಿಯಾಗಿ ಬರುವುದಿಲ್ಲ. ಆದಷ್ಟೂ ಪಾತ್ರಗಳ ಕೈಗಳನ್ನು ಜೇಬಿಗೆ ತುರುಕಿಬಿಡುತ್ತಾಳೆ. ಅಂಥವಳ ಧಾರಾವಾಹಿ ವಾರಪತ್ರಿಕೆಯಲ್ಲಿ ನಿಂತಿತು, ಇವನ ಕಥೆಗಳು ವಾಪಸು ಬಂದವು. "ಸ್ವಲ್ಪ ದಿನ ಬಂದು ಹಿನ್ನೆಲೆ ಬರ್ಕೊಡೋ" ಎಂದು ಅವಳು ಕರೆದಳು. ಆ ಸ್ವಲ್ಪ ದಿನ ಹದಿನಾರು ವರ್ಷವಾಯಿತು. ಮನುಷ್ಯರನ್ನು ಅವಳು ಬರೆಯುತ್ತಾಳೆ; ಮನೆ, ಮರ, ಮಳೆ, ಮೆಟ್ಟಿಲು ಎಲ್ಲ ಇವನದು. ಹೆಸರು ಮಾತ್ರ ಅವಳದು. ಉಳಿದ ಸಹಾಯಕರ, ಹೊರಗಿನವರ ಎದುರಿಗೆ ಅವಳನ್ನು "ಸೆನ್ಸೇ", ಅಂದರೆ ಗುರುಗಳೇ, ಎನ್ನಬೇಕು. ಆ ಮಾತು ಪ್ರತಿ ಸಲವೂ ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಳ್ಳುತ್ತಿತ್ತು.

ಅವನಿಗೊಂದು ಆಸೆ ಉಳಿದಿತ್ತು. ಮೂವತ್ತೊಂದು ಪುಟದ ಒಂದು ಕಥೆ. ಸಕಾತಾ ಬಂದರಿನಲ್ಲಿ ಮೀನುಗಾರರಿಗೆ ಬುತ್ತಿ ಕಟ್ಟಿಕೊಡುತ್ತಿದ್ದ ತನ್ನ ತಾಯಿಯದು. ಮೂರು ವರ್ಷದಿಂದ ತಿದ್ದುತ್ತಿದ್ದ. ಕೊನೆಯ ಪುಟಕ್ಕೆಂದು ತಾಯಿಯ ಅಡುಗೆಮನೆಯನ್ನು ಎತ್ತಿಟ್ಟುಕೊಂಡಿದ್ದ. ಬೇರೆ ಯಾವ ಕೆಲಸಕ್ಕೂ ಅದರ ಒಂದು ಮೊಳೆಯನ್ನೂ ಬಳಸಿರಲಿಲ್ಲ. ಪತ್ರಿಕೆಯ ಸಂಪಾದಕ ವಾಕುಯಿ, "ಫೆಬ್ರವರಿಗೆ ತನ್ನಿ, ವಸಂತದ ಸಂಚಿಕೇಲಿ ಒಂದು ಜಾಗ ಇಟ್ಟಿರ್ತೀನಿ" ಎಂದಿದ್ದ. ನಲವತ್ತನಾಲ್ಕರ ವಯಸ್ಸಿಗೆ ಇನ್ನೊಂದು ಜಾಗ ಸಿಗುವುದಿಲ್ಲವೆಂದು ಮಿನೆಯೊಗೆ ಗೊತ್ತಿತ್ತು.

ನವೆಂಬರಿನ ಒಂದು ಬೆಳಿಗ್ಗೆ ಅದೇ ವಾಕುಯಿ ಪುಟ ನೋಡಲು ಬಂದ. ಆ ವಾರದ ಕಥೆಯಲ್ಲಿ ಫುಮಿ ಎಂಬ ಹುಡುಗಿ, ತಾಯಿ ಸತ್ತ ಮೇಲೆ ಊರಿಗೆ ಬಂದು, ಅಡುಗೆಮನೆಯಲ್ಲಿ ನಿಂತು ಅಳುತ್ತಾಳೆ. ಎರಡು ಪುಟ ಸೇರಿಸಿ ಒಂದೇ ಚಿತ್ರ. ಹುಡುಗಿ ಮಸಿಯಲ್ಲಿ ಮುಗಿದಿದ್ದಳು. ಸುತ್ತ ಬರೀ ಬಿಳಿ; ಅದರಲ್ಲಿ ಪೆನ್ಸಿಲಿನಿಂದ, "ಹಳೇ ಅಡುಗೆಮನೆ. ಮಿನೆಯೊಗೆ ಬಿಟ್ಟದ್ದು" ಎಂದು ಗೀಚಿತ್ತು.

"ಅಬ್ಬಾ, ಈ ಕಣ್ಣೀರು!" ಎಂದ ವಾಕುಯಿ. "ಸೆನ್ಸೇ, ಹಿಂದುಗಡೆ ಒಂದು ಗೋಡೆ ಎಳೆದ್ರೂ ಸಾಕು. ಯಾರು ನೋಡ್ತಾರೆ ಅದನ್ನ?"

ಎಂಟಡಿ ದೂರದಲ್ಲಿ ಕೂತವನ ಕಿವಿ ಬಿಸಿಯಾಯಿತು. ಯಾರು ನೋಡ್ತಾರಾ? ನೋಡೋ ಹಾಗೆ ಮಾಡ್ತೀನಿ, ಎಂದುಕೊಂಡ. ಆ ಹುಡುಗಿಯ ಮುಖದ ಮೇಲೆ ಒಬ್ಬನ ಕಣ್ಣೂ ನಿಲ್ಲಬಾರದು.

ಎರಡು ದಿನ ತಲೆ ಎತ್ತಲಿಲ್ಲ. ಕೈಗೆ ಬಂದದ್ದು ತಾಯಿಯ ಅಡುಗೆಮನೆಯೇ. ಹಿಡಿ ಮುರಿದು ದಾರ ಸುತ್ತಿದ ಮುಚ್ಚಳ, ಮೀನುಗಾರರ ಸಂಘದ ಕ್ಯಾಲೆಂಡರು, ಸೋಯಾ ಸೀಸೆಯ ಬಾಯಿಗೆ ತುರುಕಿದ ಕಾಗದ, ಕುಳ್ಳಿಯಾದ ತಾಯಿ ಮೇಲಿನ ಕಪಾಟಿಗೆ ಕೈ ಎಟುಕಲು ಹತ್ತುತ್ತಿದ್ದ ಮಣೆ, ಮೊಳೆಗೆ ತೂಗುಹಾಕಿದ ಏಪ್ರನ್ನು. ಇದು ನನ್ನ ಕಥೆಗೆ ಇಟ್ಟದ್ದಲ್ಲವೇ ಎಂದು ಮೊದಲ ಗಂಟೆಯಲ್ಲಿ ಒಮ್ಮೆ ಅನ್ನಿಸಿತು. ಹೊಟ್ಟೆಕಿಚ್ಚು ಹತ್ತಿದವನಿಗೆ ಎತ್ತಿಡುವ ಬುದ್ಧಿ ಎಲ್ಲಿಂದ ಬರಬೇಕು, ಎಲ್ಲ ಸುರಿದುಬಿಟ್ಟ. ಮುಗಿದಾಗ ಫುಮಿ ಎಲ್ಲಿದ್ದಾಳೆಂದು ಹುಡುಕಬೇಕಿತ್ತು.

ಚಿಜುರು ಪುಟವನ್ನು ಕಿಟಕಿಯ ಬಳಿ ಒಯ್ದು ನೋಡಿದಳು. ಬಹಳ ಹೊತ್ತು ನೋಡಿದಳು. ಮಿನೆಯೊಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಯಾರ ಮನೇದೋ ಇದು?" ಎಂದಳು.

"ಯಾರದ್ದೂ ಅಲ್ಲ. ಯಾವ್ದೋ ಫೋಟೋ ಪುಸ್ತಕದ್ದು."

"ನಿಜ ಹೇಳು, ಯಾರದ್ದು?"

"ನಿಜಾನೇ. ಯಾಕೆ, ಜಾಸ್ತಿ ಆಯ್ತಾ, ಸೆನ್ಸೇ?"

ಕೊನೆಯ ಮಾತನ್ನು ಬೇಕೆಂದೇ ಸೇರಿಸಿದ. ಅವಳು ಮೇಜಿಗೆ ಹೋಗಿ, ಬಿಳಿ ಬಣ್ಣದ ಸೀಸೆ ತೆರೆದು, ಕುಂಚ ಅದ್ದಿ, ಫುಮಿಯ ಮುಖದ ಮೇಲೆ ಎಳೆದಳು. ಆ ವರ್ಷ ಅವಳು ಬರೆದ ಮುಖಗಳಲ್ಲೆಲ್ಲ ಒಳ್ಳೆಯ ಮುಖ ಅದು. ಕಣ್ಣೀರು ಹೋಯಿತು, ಕೂದಲು ಹೋಯಿತು, ಜೇಬಿನಲ್ಲಿದ್ದ ಕೈಗಳೂ ಹೋದವು. ಸೋತಳು, ಎಂದುಕೊಂಡ ಮಿನೆಯೊ. ಅವನ ಎದೆ ಕುಣಿಯಿತು.

"ತಗೋ," ಎಂದು ಅವಳು ಒದ್ದೆ ಪುಟವನ್ನು ಚಾಚಿದಳು. "ಅವಳು ನಿಂತಿದ್ದ ಕಡೆ ನೆಲ ಹೇಗಿರುತ್ತೆ, ಬರಿ."

ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು. ಒಲೆಯ ಮುಂದೆ ಮೂವತ್ತು ವರ್ಷ ನಿಂತು ನಿಂತು, ನೆಲದ ಹಲಗೆಯಲ್ಲಿ ತಾಯಿಯ ಎರಡು ಪಾದದ ಅಳತೆಗೆ ತಗ್ಗು ಬಿದ್ದಿತ್ತು. ಅದನ್ನೇ ಬರೆದ.

ಸಂಚಿಕೆ ಬಂತು. ಮೆಚ್ಚಿದ ಕಥೆಯ ಹೆಸರು ಬರೆದು ಓದುಗರು ಕಳಿಸುವ ಕಾರ್ಡುಗಳಲ್ಲಿ ಆ ವಾರ ಅವಳ ಕಥೆ ಬಿಟ್ಟರೆ ಇನ್ನೊಂದು ಕಾಣಲಿಲ್ಲ. ವಾಕುಯಿ ಕಾರ್ಡಿನ ಕಟ್ಟು ಹಿಡಿದು ಓಡಿಬಂದ. "ಅಳೋರನ್ನ ತೋರಿಸ್ದೇನೇ ಓದೋರು ಅಳೋ ಹಾಗೆ ಮಾಡಿದ್ರಲ್ಲ, ಸೆನ್ಸೇ! ಆ ನೆಲ! ಯಾರಿಗೆ ಹೊಳೆಯುತ್ತೆ ಹೀಗೆ!"

"ನೆಲ ಬರೆದದ್ದು ಮಿನೆಯೊ," ಎಂದಳು ಚಿಜುರು.

"ಹೌದೌದು, ಅವರ ಗೆರೆ ಯಾವಾಗ್ಲೂ ಅಚ್ಚುಕಟ್ಟು," ಎಂದು ವಾಕುಯಿ ಇವನತ್ತ ತಲೆ ಬಾಗಿಸಿದ. ಅಚ್ಚುಕಟ್ಟಂತೆ! ಮಿನೆಯೊ ಲೇಖನಿಯನ್ನು ಮೊನೆ ಮುರಿಯುವಷ್ಟು ಒತ್ತಿದ.

ಆ ಚಳಿಗಾಲವೆಲ್ಲ ರಜೆಯ ದಿನಗಳಲ್ಲಿ ತನ್ನ ಮೂವತ್ತೊಂದು ಪುಟದ ಮುಂದೆ ಕೂತ. ಕೊನೆಯ ಪುಟದಲ್ಲಿ ತಾಯಿ ಬುತ್ತಿಯ ಅಂಗಡಿ ಮುಚ್ಚುವ ದಿನ. ಅವಳು ಒಲೆಯ ಮುಂದೆ ನಿಂತಿದ್ದಾಳೆ, ಸುತ್ತ ಒಂಬತ್ತು ಜನ ಮೀನುಗಾರರು, ಒಂಬತ್ತೂ ಜನ ಅಳುತ್ತಿದ್ದಾರೆ. ಮೂರು ವರ್ಷ ಚೆನ್ನಾಗಿಯೇ ಕಂಡದ್ದು ಈಗ ಸಂತೆಯಾಗಿ ಕಂಡಿತು. ಒಬ್ಬೊಬ್ಬರನ್ನೇ ಅಳಿಸಿದ. ಕೊನೆಗೆ ತಾಯಿಯನ್ನೂ ಅಳಿಸಿದ. ತಗ್ಗು ಬಿದ್ದ ನೆಲ ಉಳಿಯಿತು. ತನ್ನದೇ ಮನೆ, ತನ್ನದೇ ತಾಯಿ; ಯಾರಪ್ಪನ ಗಂಟೇನು ಹೋಗುತ್ತದೆ, ಎಂದು ಧೈರ್ಯ ಹೇಳಿಕೊಂಡ.

ಫೆಬ್ರವರಿಯಲ್ಲಿ, ನಿಲ್ದಾಣದ ಎದುರಿನ ಕಾಫಿ ಅಂಗಡಿಯಲ್ಲಿ, ವಾಕುಯಿ ಮೂವತ್ತು ಪುಟಗಳನ್ನು ಸರಸರನೆ ಮಗುಚಿ ಕೊನೆಯ ಪುಟದಲ್ಲಿ ನಿಂತ.

"ತ್ಸುಕುದಾ ಅವರೇ, ಹೇಗೆ ಹೇಳ್ಲಿ... ಇದು ಸೆನ್ಸೇ ಅವರ ಆ ಪುಟಾನೇ ಅಲ್ವಾ? ಅದೇ ಅಡುಗೆಮನೆ, ಅದೇ ನೆಲ. ಇಷ್ಟು ವರ್ಷ ಜೊತೇಲಿದ್ರೆ ಗೊತ್ತಿಲ್ದೇನೇ ಹೀಗಾಗುತ್ತೆ, ಬೇಜಾರ್ ಮಾಡ್ಕೋಬೇಡಿ. ಆದ್ರೆ ಓದೋರೇನು ಕುರುಡರಾ? ಆ ಜಾಗ ಬೇರೆಯವರಿಗೆ ಕೊಡಬೇಕಾಗುತ್ತೆ."

ಮಿನೆಯೊ ವಾಪಸು ಬಂದಾಗ ಮೇಜಿನ ಕೆಳಗಿನಿಂದ ಎರಡು ಕಾಲು ಕಾಣುತ್ತಿದ್ದವು. ಉಳಿದ ಸಹಾಯಕರು ಊಟಕ್ಕೆ ಹೋಗಿದ್ದರು.

"ಏನಂದ?" ಎಂದಿತು ಮೇಜಿನ ಕೆಳಗಿನ ಧ್ವನಿ.

"ನಿಂದನ್ನ ನಕಲು ಹೊಡೆದಿದೀನಂತೆ."

ಕರಕರ ನಿಂತಿತು. ಚಿಜುರು ತೆವಳಿಕೊಂಡು ಹೊರಬಂದು ನೆಲದ ಮೇಲೇ ಕೂತಳು. ಕೂದಲಿಗೆ ರಬ್ಬರಿನ ಪುಡಿ ಮೆತ್ತಿತ್ತು.

"ಆ ಅಡುಗೆಮನೆ ನಿಮ್ಮಮ್ಮಂದಾ?"

"ಹೂಂ."

"ಕೇಳಿದ್ನಲ್ಲೋ ಆವತ್ತು! ಒಂದಲ್ಲ, ಎರಡು ಸಲ ಕೇಳ್ದೆ. ಹೌದು ಅಂದಿದ್ರೆ ಅಡುಗೆಮನೆಗೇ ಬಿಳಿ ಬಳೀತಿದ್ದೆ. ಹುಡುಗಿ ಗೋಡೆ ಮುಂದೆ ಅಳ್ತಾ ನಿಂತಿರ್ತಿದ್ಲು, ನನ್ನ ಕೆಲಸಾನೂ ಆಗ್ತಿತ್ತು." ಅವಳು ಫೋನಿಗೆ ಕೈ ಹಾಕಿದಳು. "ಇರು, ವಾಕುಯಿಗೆ ಹೇಳ್ತೀನಿ, ಅದು ನಿಂದು ಅಂತ."

ಅವಳು ಒಂದು ಮಾತು ಹೇಳಿದರೆ ಸಾಕು, ಆ ಜಾಗ ಸಿಗುತ್ತಿತ್ತು. ಹೇಳು ಎನ್ನಲು ಮಿನೆಯೊ ಬಾಯಿ ತೆರೆದ. ಆಗ ಒಂಬತ್ತು ಜನ ಮೀನುಗಾರರು ನೆನಪಾದರು. ಅವಳ ಪುಟ ನೋಡದಿದ್ದರೆ ಅವರಲ್ಲಿ ಒಬ್ಬನನ್ನೂ ಅಳಿಸುತ್ತಿರಲಿಲ್ಲ. ತಾಯಿಯನ್ನಂತೂ ಸತ್ತರೂ ಅಳಿಸುತ್ತಿರಲಿಲ್ಲ. ಇನ್ನೂ ಹದಿನಾರು ವರ್ಷ ಮೇಜಿನ ಕೆಳಗೆ ಮಲಗಿದ್ದರೂ ಅದು ಹೊಳೆಯುತ್ತಿರಲಿಲ್ಲ.

"ಬೇಡ, ಇಡು," ಎಂದ. "ಅಡುಗೆಮನೆ ನಂದು. ಅಳಿಸಿದವಳು ನೀನು. ಅವನು ಹೇಳಿದ್ದು ಸರಿಯಾಗೇ ಇದೆ."

ಹೇಳುವಾಗಲೂ ಹೊಟ್ಟೆ ಉರಿಯುತ್ತಲೇ ಇತ್ತು, ಎಂದಿಗಿಂತಲೂ ಹೆಚ್ಚಾಗಿ. ಇಷ್ಟು ವರ್ಷ ಅವಳ ಅದೃಷ್ಟಕ್ಕೆ ಶಾಪ ಹಾಕಿಕೊಂಡು ದಿನ ನೂಕಿದ್ದ. ಇನ್ನು ಅದಕ್ಕೂ ದಾರಿಯಿರಲಿಲ್ಲ. ತನ್ನ ಮೇಜಿಗೆ ಹೋಗಿ ಕೂತ. ಈ ವಾರದ ಪುಟ ಅಲ್ಲಿತ್ತು: ರೈಲಿಗೆ ಕಾಯುತ್ತಿರುವ ಫುಮಿ, ಕೈಗಳು ಜೇಬಿನಲ್ಲಿ, ಸುತ್ತ ಬರೀ ಬಿಳಿ. ಮಿನೆಯೊ ನಿಲ್ದಾಣದ ಗಡಿಯಾರ ಬರೆಯಲು ಶುರುಮಾಡಿದ.