ಒಲೆಯ ಪಕ್ಕದ ಬೆಂಚು

ಮುಂದಿನ ಸೋಮವಾರದಿಂದ ಹೊಸ ನಿಯಮವೆಂದು ಗೊರೆಟ್ಟಿ ಹೇಳಿದಾಗ, ಡಿಂಪ್ನಾ ಲವೆಲ್ ತಾನು ಆಗಷ್ಟೇ ಮಡಚಿದ್ದ ಹೊದಿಕೆಯನ್ನು ಬಿಚ್ಚಿ ಮತ್ತೆ ಮಡಚತೊಡಗಿದಳು.

"ಯಾರು ಏನು ತಿಂದ್ರು, ಎಷ್ಟು ಕುಡಿದ್ರು, ನಿದ್ದೆ ಬಂತೋ ಇಲ್ವೋ, ಎಲ್ಲಾ ಚಾರ್ಟಲ್ಲಿ ಬರೀಬೇಕು. ನೋಡ್ಕೊಂಡವರೇ ಬರೀಬೇಕು. ಇನ್ನೊಬ್ಬರ ಕೈಲಿ ಬರೆಸೋದು ಇನ್ಮೇಲೆ ನಡೆಯಲ್ಲ," ಎಂದಳು ಗೊರೆಟ್ಟಿ. ಅವಳು ಆ ವೃದ್ಧಾಶ್ರಮದ ಮೇಲ್ವಿಚಾರಕಿ. ವಯಸ್ಸಿನಲ್ಲಿ ಡಿಂಪ್ನಾಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಮಾತು ಗಡುಸು, ಮನಸ್ಸು ಮೆದು.

"ಆಯ್ತು," ಎಂದಳು ಡಿಂಪ್ನಾ.

ಡಿಂಪ್ನಾಗೆ ಐವತ್ನಾಲ್ಕು. ಮೇಯೋ ಜಿಲ್ಲೆಯ ಆ ಕಡಲತೀರದ ಊರಲ್ಲಿ, ಅದೇ ವೃದ್ಧಾಶ್ರಮದಲ್ಲಿ, ಹತ್ತೊಂಬತ್ತು ವರ್ಷದಿಂದ ಮುದುಕ ಮುದುಕಿಯರಿಗೆ ಸ್ನಾನ ಮಾಡಿಸುತ್ತ, ಊಟ ಮಾಡಿಸುತ್ತ ಬಂದಿದ್ದಳು. ಅವಳಿಗೆ ಓದು ಬರಹ ಬಾರದೆಂಬುದು ಗಂಡ ಮಲಾಕಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮುಚ್ಚಿಡುವುದೇ ಅವಳಿಗೆ ಇನ್ನೊಂದು ನೌಕರಿಯಾಗಿಬಿಟ್ಟಿತ್ತು. ಅರ್ಜಿ ತುಂಬಿಸಬೇಕಾದ ದಿನ ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು ಹೋಗುತ್ತಿದ್ದಳು. ಹೋಟೆಲಿನಲ್ಲಿ ಜೊತೆಗಿದ್ದವರು ಹೇಳಿದ್ದನ್ನೇ ತನಗೂ ತರಿಸಿಕೊಳ್ಳುತ್ತಿದ್ದಳು. ಒಮ್ಮೆ ತಂಗಿಯ ಮಗಳ ಮದುವೆಗೆ ಬಿಳಿ ಹೂವಿನ ಚಿತ್ರವಿದ್ದ ಚೆಂದದ ಕಾರ್ಡೊಂದನ್ನು ಆರಿಸಿ ಕೊಟ್ಟಿದ್ದಳು. ಒಳಗೆ ಅಚ್ಚಾಗಿದ್ದದ್ದು ಸತ್ತವರ ಮನೆಗೆ ಕಳಿಸುವ ಸಾಂತ್ವನದ ಮಾತು. ಮದುಮಗ ಅದನ್ನು ಗಟ್ಟಿಯಾಗಿ ಓದಿದ್ದೇ ತಡ, ಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. 'ಡಿಂಪ್ನಾ ದೊಡ್ಡಮ್ಮನ ತಮಾಷೆ ಅಂದ್ರೆ ಇದು!' ಅವಳೂ ನಕ್ಕಳು. ಆಮೇಲೆ ಛತ್ರದ ಹಿಂದೆ, ಖಾಲಿ ಬಾಟಲಿಗಳ ಪೆಟ್ಟಿಗೆಗಳ ನಡುವೆ ಅರ್ಧ ಗಂಟೆ ಒಬ್ಬಳೇ ನಿಂತಿದ್ದಳು.

ಸಾಲದ್ದಕ್ಕೆ, ಮೂರು ವಾರದ ಕೆಳಗೆ ಏಳನೇ ಕೋಣೆಗೆ ಮಿಸ್ ಗಿಲ್ವರಿ ಬಂದಿದ್ದರು.

ಸೊಂಟದ ಮೂಳೆ ಮುರಿದುಕೊಂಡು ಬಂದ ಎಪ್ಪತ್ತಾರರ ಹೆಂಗಸು. ಮುಖ ನೋಡಿದರೆ ಗುರುತು ಸಿಗುತ್ತಿರಲಿಲ್ಲ. ಆದರೆ "ಬಾಗಿಲು ಹಾಕು, ಹುಡುಗಿ," ಎಂದ ದನಿ ಕೇಳಿದ್ದೇ ಡಿಂಪ್ನಾಗೆ ಇವರು ತನ್ನ ಹಳೆಯ ಟೀಚರೇ ಎಂದು ತಿಳಿದುಹೋಯಿತು. ನಾಲ್ಕು ತರಗತಿಗಳು ಒಂದೇ ಕೋಣೆಯಲ್ಲಿ ನಡೆಯುತ್ತಿದ್ದ ಊರ ಶಾಲೆಯಲ್ಲಿ, ಎಂಟು ವರ್ಷದ ಡಿಂಪ್ನಾ ಓದಲು ಎದ್ದು ನಿಂತಾಗಲೆಲ್ಲ ಅಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತಿದ್ದವು. ಮಿಸ್ ಗಿಲ್ವರಿ ಅಂಗೈಗೆ ಹೊಡೆದರು, ಕಿವಿಗೆ ಹೊಡೆದರು. ಕೊನೆಗೊಂದು ದಿನ ಇಡೀ ಕೋಣೆಗೆ ಕೇಳುವಂತೆ, "ಈ ತಲೆಯೊಳಗೆ ಏನೂ ಇಲ್ಲ. ಹೋಗು, ಒಲೆ ನೋಡ್ಕೋ," ಎಂದರು. ಅಂದಿನಿಂದ ಮೂರು ವರ್ಷ ಅವಳ ಜಾಗ ಕೋಣೆ ಬೆಚ್ಚಗಿಡುವ ಒಲೆಯ ಪಕ್ಕದ ಬೆಂಚು. ಉಳಿದವರು ಮಗ್ಗಿ ಹೇಳುವಾಗ ಅವಳು ಸೌದೆಯಂತೆ ಉರಿಯುವ ಒಣ ಜೌಗುಮಣ್ಣಿನ ಹೆಂಟೆಗಳನ್ನು ಬೆಂಕಿಗೆ ಹಾಕುತ್ತ ಕೂತಿರುತ್ತಿದ್ದಳು.

ಈಗ ಅದೇ ಮಿಸ್ ಗಿಲ್ವರಿಯ ಬೆನ್ನುಜ್ಜುವುದು ಅವಳ ಕೆಲಸ. ಬೆನ್ನು ಒಣಗಿದ ಎಲೆಯಂತಿತ್ತು. ಸೇಡು ತೀರಿಸಿಕೊಳ್ಳಬೇಕೆಂಬ ಆಸೆ ಒಂದೆರಡು ದಿನ ಬಂದು ಹೋಯಿತು, ಅದಕ್ಕೂ ತ್ರಾಣ ಬೇಕಲ್ಲ. ನೀರು ಹದವಾಗಿದೆಯೇ ಎಂದು ಮೊಣಕೈ ಅದ್ದಿ ನೋಡಿಯೇ ಸ್ನಾನ ಮಾಡಿಸುತ್ತಿದ್ದಳು. ಆ ಮುದುಕಿಗೆ ಮಾತ್ರ ಇವಳ ಗುರುತೇ ಸಿಕ್ಕಿರಲಿಲ್ಲ.

ಗೊರೆಟ್ಟಿ ನಿಯಮದ ಮಾತೆತ್ತಿದ ಮಾರನೆಯ ದಿನ ಮಿಸ್ ಗಿಲ್ವರಿ ಒಂದು ಕಾಗದವನ್ನು ಮುಂದೆ ಹಿಡಿದರು. "ಲೀಡ್ಸ್‌ನಿಂದ ನಮ್ಮಕ್ಕನ ಮಗಳು ಬರೆದಿದ್ದಾಳೆ. ನಂಗೀಗ ಕಣ್ಣು ಕಾಣಲ್ಲ. ಸ್ವಲ್ಪ ಓದು."

"ಕನ್ನಡಕ ಮನೇಲೇ ಬಿಟ್ಟು ಬಂದೆ, ಮಿಸ್."

ಅದರ ಮರುದಿನ ಮತ್ತೆ ಅದೇ ಕಾಗದ. "ಇವತ್ತಾದ್ರೂ ತಂದ್ಯಾ ಕನ್ನಡಕ?"

"ಇಲ್ಲ, ಮರೆತೋಯ್ತು."

ಮುದುಕಿ ಕತ್ತು ವಾಲಿಸಿ ಅವಳ ದನಿಯತ್ತ ಕಿವಿಯಿಟ್ಟರು. "ಮೂವತ್ತೆಂಟು ವರ್ಷ ಪಾಠ ಹೇಳಿದೀನಿ. ಈ ರಾಗ ನಂಗೆ ಗೊತ್ತು. ನಿಂಗೆ ಓದೋಕೆ ಬರಲ್ಲ, ಅಲ್ವಾ?"

ಡಿಂಪ್ನಾಳ ಕೈಯಲ್ಲಿ ಗಂಜಿಯ ಬಟ್ಟಲಿತ್ತು. ಅದನ್ನು ಮೇಜಿನ ಮೇಲಿಟ್ಟಳು. ಇಷ್ಟು ವರ್ಷ ಮನಸ್ಸಿನಲ್ಲೇ ಬೈದ ಬೈಗುಳಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. "ಬರಲ್ಲ," ಎಂದಳು. "ನಂಗೆ ಪಾಠ ಹೇಳಿದ್ದು ನೀವೇ."

ಮಿಸ್ ಗಿಲ್ವರಿ ಕಾಗದವನ್ನು ಮಡಚಿ ದಿಂಬಿನ ಕೆಳಗಿಟ್ಟರು.

"ಯಾರ ಮಗಳು ನೀನು?"

"ತವರು ಕಾನ್ವೇ ಮನೆ. ಗುಡ್ಡದಾಚೆಯವರು. ಒಲೆ ನೋಡ್ಕೋತಿದ್ದೆ."

"ಒಲೆ..." ಮುದುಕಿ ಹುಬ್ಬು ಗಂಟಿಕ್ಕಿದರು. "ಹೌದು, ಒಬ್ಬಳಿದ್ದಳು. ದಿನಾ ನೆನೆದು ತೊಪ್ಪೆಯಾಗಿ ಬರ್ತಿದ್ದಳು. ಬೆಚ್ಚಗಿರಲಿ ಅಂತ ಅಲ್ಲಿ ಕೂರಿಸಿದ್ದೆ."

"ಹೊಡೆದದ್ದೂ ಬೆಚ್ಚಗಿರಲಿ ಅಂತಲಾ?"

ತನ್ನ ದನಿ ಅಷ್ಟು ಗಟ್ಟಿಯಾಗಿ ಬಂದದ್ದಕ್ಕೆ ಡಿಂಪ್ನಾ ತಾನೇ ಬೆಚ್ಚಿದಳು. ಮಿಸ್ ಗಿಲ್ವರಿ ಹೊದಿಕೆಯ ಅಂಚನ್ನು ಬೆರಳಲ್ಲಿ ಸುತ್ತುತ್ತ ಬಿಚ್ಚುತ್ತ ಕೂತರು.

"ಹೊಡೆದೆ. ಎಲ್ರಿಗೂ ಹೊಡೆದೆ. ಐವತ್ತೊಂದು ಮಕ್ಕಳು, ನಾನೊಬ್ಬಳು. ಸಂಜೆ ಹೊತ್ತಿಗೆ ತಲೆ ಸಿಡಿದು ಹೋಗೋದು. ಯಾರ ತಲೆಗೆ ಬೇಗ ಹತ್ತಲಿಲ್ವೋ ಅವರ ಕೈ ಬಿಟ್ಟೆ. ನಿಂಗೆ ಏನು ಅಂದೆ ಅನ್ನೋದೂ ನೆನಪಿಲ್ಲ."

"ತಲೆಯೊಳಗೆ ಏನೂ ಇಲ್ಲ ಅಂದ್ರಿ."

"ಅಂದಿರಬಹುದು. ಎಷ್ಟೋ ಜನಕ್ಕೆ ಅಂದಿದೀನಿ." ಮುದುಕಿ ಕಣ್ಣು ಮುಚ್ಚಿಕೊಂಡರು. "ಗಂಜಿ ಬೇಡ ನಂಗೆ. ತಗೊಂಡೋಗು."

ಅವರು ಕ್ಷಮೆ ಕೇಳಲಿಲ್ಲ. ಡಿಂಪ್ನಾ ಬಟ್ಟಲು ಎತ್ತಿಕೊಂಡು ಹೊರಗೆ ಬಂದಳು.

ಆ ಸಂಜೆ ಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಮಲಾಕಿಗೆ ಎಲ್ಲ ಹೇಳಿದಳು. ಅವನು ಮೀನು ಹಿಡಿಯುವ ದೋಣಿಯಲ್ಲಿ ದುಡಿದು ಬೆನ್ನು ಕೆಟ್ಟು ಮನೆ ಸೇರಿದವನು. ಕೋಪ ಬಂದರೂ ಕುರ್ಚಿಯಿಂದ ಏಳಲು ಹೊತ್ತಾಗುತ್ತಿತ್ತು.

"ಆ ಮುದುಕಿಗೆ ನೆನಪೇ ಇಲ್ವಂತಾ?"

"ಇಲ್ಲ. ಅವಳಿಗೆ ಅದೊಂದು ಮಾತು, ಅಷ್ಟೇ. ಸುಸ್ತಾಗಿತ್ತು, ಅಂದ್ಬಿಟ್ಟಳು. ಎತ್ತಿಟ್ಕೊಂಡವಳು ನಾನು."

"ನಿಂಗೆ ಆಗ ಎಂಟು ವರ್ಷ ಕಣೇ."

"ಈಗ ಐವತ್ನಾಲ್ಕು."

ಡಿಂಪ್ನಾ ಸುಲಿಯುವ ಚಾಕುವನ್ನು ಕೆಳಗಿಟ್ಟಳು. ಮುಚ್ಚಿಡಲು ತಾನು ಮಾಡಿದ್ದೆಲ್ಲ ಒಂದೊಂದಾಗಿ ಮನಸ್ಸಿಗೆ ಬಂತು. ಇಪ್ಪತ್ತೆರಡು ಜನರ ಮಾತ್ರೆಗಳ ಬಣ್ಣ, ಹೊತ್ತು, ಯಾರ ಚಹಾಕ್ಕೆ ಎಷ್ಟು ಸಕ್ಕರೆ, ಯಾರ ಮಗ ಯಾವ ವಾರ ಬರುತ್ತಾನೆ, ಯಾವ ಬಸ್ಸು ಯಾವ ಡ್ರೈವರು... ಒಂದನ್ನೂ ಎಲ್ಲೂ ಬರೆದಿಟ್ಟುಕೊಂಡಿರಲಿಲ್ಲ. ಅದೆಲ್ಲ ಇದ್ದದ್ದು ಏನೂ ಇಲ್ಲವೆನಿಸಿಕೊಂಡ ಆ ತಲೆಯಲ್ಲೇ.

"ಮಲಾಕಿ," ಎಂದಳು, "ದಡ್ಡಿ ಆಗಿದ್ರೆ ಇಷ್ಟು ವರ್ಷ ಸಿಕ್ಕಿಬೀಳದೆ ಇರೋಕಾಗ್ತಿತ್ತಾ?"

"ನಾನಾಗಿದ್ರೆ ಮೊದಲನೇ ವಾರವೇ ಸಿಕ್ಕಿಬೀಳ್ತಿದ್ದೆ," ಎಂದ ಅವನು.

ಅವಳಿಗೆ ನಗು ಬರಲಿಲ್ಲ. ಸಂತೋಷವೂ ಆಗಲಿಲ್ಲ. ಹೊರೆ ಇಳಿಸಿದ ಮೇಲೆಯೇ ಭುಜದ ನೋವು ತಿಳಿಯುವುದು; ಹಾಗೆ ಮೈಯೆಲ್ಲ ನೋಯತೊಡಗಿತು. ಊಟ ಮಾಡದೆ ಹೋಗಿ ಮಲಗಿದಳು.

ಸೋಮವಾರ ಬೆಳಿಗ್ಗೆ ಗೊರೆಟ್ಟಿಗೆ ಕೋಟು ಬಿಚ್ಚುವುದಕ್ಕೂ ಬಿಡದೆ ಡಿಂಪ್ನಾ ಹೇಳಿದಳು. "ನಂಗೆ ಬರೆಯೋಕೆ ಬರಲ್ಲ. ಓದೋಕೂ ಬರಲ್ಲ. ಕೆಲಸದಿಂದ ತೆಗೀತೀರಾ ತೆಗೀರಿ, ಸುಳ್ಳು ಹೇಳಿ ಹೇಳಿ ಸಾಕಾಗಿದೆ."

ಗೊರೆಟ್ಟಿಯ ಒಂದು ತೋಳು ಕೋಟಿನೊಳಗೇ ಉಳಿಯಿತು. "ಹತ್ತೊಂಬತ್ತು ವರ್ಷ! ಹೇಗೆ ನಿಭಾಯಿಸಿದ್ರಿ, ಡಿಂಪ್ನಾ?"

"ತುಂಬಾ ಕಷ್ಟಪಟ್ಟು."

ಗೊರೆಟ್ಟಿ ಕೆಲಸದಿಂದ ತೆಗೆಯಲಿಲ್ಲ. ಕಲಿಯುವವರೆಗೆ ಡಿಂಪ್ನಾ ಹೇಳಲಿ, ತಾನೇ ಬರೆಯುತ್ತೇನೆ ಎಂದಳು. ಗ್ರಂಥಾಲಯದ ಮಹಡಿಯಲ್ಲಿ ಮಂಗಳವಾರ ಮಧ್ಯಾಹ್ನ ದೊಡ್ಡವರಿಗೆ ಅಕ್ಷರ ಕಲಿಸುವವರ ವಿಳಾಸವನ್ನೂ ಕೊಟ್ಟಳು, ಬಾಯಲ್ಲಿ ಹೇಳಿ.

ಕಲಿಸುವವನು ಫಿಂಟನ್ ಎಂಬ ನಿವೃತ್ತ ಅಂಚೆಯವ. ಮೊದಲ ಮಂಗಳವಾರ ಮೆಟ್ಟಿಲ ಬುಡದಿಂದಲೇ ಡಿಂಪ್ನಾ ವಾಪಸು ಬಂದಳು. ಎರಡನೆಯ ಮಂಗಳವಾರ ಒಳಗೆ ಹೋಗಿ ಕೂತಳು. ಅಕ್ಷರಗಳು ಆಗಿನಂತೆಯೇ ಹರಿದಾಡಿದವು. ಫಿಂಟನ್ ಸಾಲಿನ ಕೆಳಗೊಂದು ಅಳತೆಪಟ್ಟಿ ಇಟ್ಟು, ಒಂದು ಸಲಕ್ಕೆ ಒಂದೇ ಸಾಲು ಕಾಣುವಂತೆ ಮಾಡಿದ. ಒಂದು ಗಂಟೆಗೆ ಮೂರು ಪದ. ಬೆವರು ಕಿತ್ತುಕೊಂಡು ಬಂತು. 'ತಲೆಯೊಳಗೆ ಏನೂ ಇಲ್ಲ' ಎಂಬ ದನಿ ಎಂದಿನಂತೆ ಕಿವಿಯಲ್ಲೇ ಕೂತಿತ್ತು.

"ಬಿಟ್ಬಿಡ್ತೀನಿ ಫಿಂಟನ್, ಇದು ನನ್ನ ಹಣೇಲಿ ಬರೆದಿಲ್ಲ."

"ಬರೆದಿದೆಯೋ ಇಲ್ವೋ ಓದೋಕೆ ಬಂದ್ಮೇಲೆ ನೋಡ್ಕೊಳ್ಳಿ. ಈಗ ನಾಲ್ಕನೇ ಪದ."

ಆ ದನಿ ಆಮೇಲೂ ಪೂರ್ತಿ ನಿಲ್ಲಲಿಲ್ಲ. ಆದರೆ ಅದಕ್ಕೊಂದು ಉತ್ತರ ಕೊಡುವುದನ್ನು ಡಿಂಪ್ನಾ ಕಲಿತಳು. ಅದು ತಲೆ ಸಿಡಿಯುತ್ತಿದ್ದ ಒಬ್ಬ ಹೆಂಗಸು ಒಂದು ಸಂಜೆ ಆಡಿದ ಮಾತು; ಆ ಸಂಜೆ ಮುಗಿದು ಎಷ್ಟೋ ಕಾಲವಾಯಿತು. ಕೆಲವು ದಿನ ಈ ಉತ್ತರ ಸಾಕಾಗುತ್ತಿತ್ತು. ಸಾಕಾಗದ ದಿನ ಉತ್ತರವಿಲ್ಲದೆಯೇ ಮೆಟ್ಟಿಲು ಹತ್ತುತ್ತಿದ್ದಳು.

ಬೇಸಿಗೆಯಲ್ಲಿ ಲೀಡ್ಸ್‌ನಿಂದ ಅಕ್ಕನ ಮಗಳು ಬಂದು ಮಿಸ್ ಗಿಲ್ವರಿಯನ್ನು ಕರೆದುಕೊಂಡು ಹೋದಳು. ಹೊರಡುವಾಗ ಮುದುಕಿ ಡಿಂಪ್ನಾಳ ಮಣಿಕಟ್ಟು ಹಿಡಿದು, "ಕಲೀತಿದ್ದೀಯಂತೆ," ಎಂದರು.

"ಹೂಂ, ಮಿಸ್."

"ನಿಧಾನ ಕಲಿ," ಎಂದರು. ಡಿಂಪ್ನಾ ಇನ್ನೊಂದು ಮಾತಿಗೆ ಕಾಯಲಿಲ್ಲ. ಗಾಲಿಕುರ್ಚಿಯ ಬ್ರೇಕು ತೆಗೆದು, ದಾರಿಯ ಕಲ್ಲಿಗೆ ಸೊಂಟ ಕುಲುಕದಂತೆ ಮೆಲ್ಲಗೆ ಕಾರಿನವರೆಗೆ ತಳ್ಳಿಕೊಂಡು ಹೋದಳು.

ನವೆಂಬರ್ ಹೊತ್ತಿಗೆ ಚಾರ್ಟಿನಲ್ಲಿ ಅವಳದೇ ಕೈಬರಹ ಕಾಣತೊಡಗಿತು. ಅಕ್ಷರ ಸೊಟ್ಟ, ಕಾಗುಣಿತ ತಪ್ಪು. ಗೊರೆಟ್ಟಿ ತಪ್ಪು ತಿದ್ದುತ್ತಿರಲಿಲ್ಲ, ಅರ್ಥವಾದರೆ ಸಾಕೆನ್ನುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಮಲಾಕಿ ಪತ್ರಿಕೆಯಲ್ಲಿ ತಾನು ವಾರವಾರವೂ ಅವಳಿಗೆ ಓದಿ ಹೇಳುತ್ತಿದ್ದ ನಿಧನವಾರ್ತೆಯ ಪುಟ ತೆಗೆದು ಅವಳ ಮುಂದೆ ಸರಿಸಿದ. "ಯಾರ್ಯಾರು ಹೋದ್ರು ನೋಡು. ಈ ಸಲ ನೀನು ಓದು, ನಾನು ಕೇಳ್ತೀನಿ."

ಡಿಂಪ್ನಾ ಬೆರಳಿಟ್ಟು ಮೊದಲ ಹೆಸರು ಓದಿದಳು. ಎರಡನೆಯದನ್ನೂ ಓದಿದಳು. ಮೂರನೆಯದಕ್ಕೆ ಬರುವಷ್ಟರಲ್ಲಿ ಪುಟವನ್ನು ಅವನತ್ತ ವಾಪಸು ತಳ್ಳಿ ಬೂಟು ಕಳಚಿ ಕಾಲು ಚಾಚಿದಳು.

"ಯಾಕೆ, ಬರಲ್ವಾ?"

"ಬರುತ್ತೆ," ಎಂದಳು. "ಸುಸ್ತಾಗಿದೆ. ಇವತ್ತು ನೀನೇ ಓದು."